ಪುಕ್ಕಟೆ ಸಂತೆಯ ಲೆಕ್ಕ

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಧಣಿಯ ಕೈಯಲ್ಲಿರುವ ವಾಟ್ಸ್‌ಆ್ಯಪೇ ನೂಲಿನ ಖಾತೆಯ ಹುಡುಗನ ಕೈಯಲ್ಲೂ ಇದೆ. ಇದನ್ನು ಕಂಡು ವರ್ಗಭೇದ ಅಳಿಯಿತೆಂದು ಹಿಗ್ಗುವವರು ನಮ್ಮಲ್ಲೂ ಇದ್ದಾರೆ. ದೂರದೂರಿಗೆ ದುಡಿಯಲು ಹೋದ ಮಗನ ಮುಖವನ್ನು ತಾಯಿ ರಾತ್ರಿ ಇದರಲ್ಲೇ ಕಾಣುತ್ತಾಳೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ಲೆಕ್ಕ ಕೇಳದೆ ಬಿಡುವುದೂ ಇಲ್ಲ.

2014ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಕಂಪನಿಯು ವಾಟ್ಸ್‌ಆ್ಯಪನ್ನು 1900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. ಆಗ ಅಲ್ಲಿದ್ದ ನೌಕರರು ಸುಮಾರು 55 ಮಂದಿ. ನೂಲು ತೆಗೆಯುವ ಯಂತ್ರವಿಲ್ಲ, ಗೋದಾಮಿನಲ್ಲಿ ಹತ್ತಿಯ ಅಂಡಿಗೆಯಿಲ್ಲ. ಹಾಗಾದರೆ ಕೊಂಡದ್ದೇನನ್ನು? ತಿಂಗಳಿಗೊಮ್ಮೆಯಾದರೂ ಅದನ್ನು ತೆರೆಯುತ್ತಿದ್ದ 45 ಕೋಟಿ ಜನರನ್ನು! ಈಗ ಮೆಟಾ ಎಂದು ಹೆಸರು ಬದಲಿಸಿಕೊಂಡಿರುವ ಆ ಕಂಪನಿಯ ವರಮಾನದ ಬಹುಪಾಲು ಜಾಹೀರಾತಿನದು. ಫೇಸ್‌ಬುಕ್ಕಿನಲ್ಲಿ ನಾವು ಕಳೆದ ಹೊತ್ತೇ ಅದರ ಸರಕು. ಪುಕ್ಕಟೆ ಸಂತೆಗೆ ಹೋದವರು ತಕ್ಕಡಿಯಲ್ಲಿ ಕುಳಿತು ಬಂದೆವು.

ನಮ್ಮ ಹಿರಿಯರು ಬಿಡುವಿಗಾಗಿ ಹೋರಾಡಿದರು. 1948ರ ಫ್ಯಾಕ್ಟರಿ ಕಾಯಿದೆಯು ವಾರಕ್ಕೆ 48 ಗಂಟೆಯ ಮಿತಿ ಹಾಕಿತು, ಮಿಕ್ಕಿದ್ದಕ್ಕೆ ಇಮ್ಮಡಿ ಕೂಲಿ ಎಂದಿತು. ಈಗ ಮೇಸ್ತ್ರಿಯ ಗುಂಪಿನಲ್ಲಿ ರಾತ್ರಿ ಹತ್ತಕ್ಕೆ ಅಪ್ಪಣೆ ಬೀಳುತ್ತದೆ: ನಾಳೆ ಮೊದಲ ಪಾಳಿಗೆ ಬಾ. ಎರಡು ನೀಲಿ ಗೀಟು ಬಿದ್ದ ಮೇಲೆ ನೋಡಲಿಲ್ಲ ಎನ್ನುವ ಹಾಗಿಲ್ಲ. ಒಪ್ಪಿದ್ದಕ್ಕೆ ಹೆಬ್ಬೆಟ್ಟಿನ ಚಿತ್ರ ಬೇರೆ ಹಾಕಬೇಕು. ಹಿಂದೆ ಸಾಲಪತ್ರಕ್ಕೆ ಒತ್ತುತ್ತಿದ್ದೆವಲ್ಲ, ಅದೇ ಹೆಬ್ಬೆಟ್ಟು! ಈ ಹೊತ್ತಿಗೆ ಕೂಲಿ ಕೊಡತಕ್ಕವರು ಯಾರು?

ಅಂಗಡಿಯವರ ಪಾಡೂ ಬೇರೆಯಲ್ಲ. ಪಕ್ಕದ ಬೀದಿಯ ಗಿರಾಕಿಗೆ ಫೇಸ್‌ಬುಕ್ಕಿನಲ್ಲಿ ಜಾಹೀರಾತು ತೋರಿಸಲು ಕ್ಯಾಲಿಫೋರ್ನಿಯದ ಕಂಪನಿಗೆ ಕಾಸು ಕಟ್ಟಬೇಕು. ಹೆಚ್ಚು ಸುರಿಯಬಲ್ಲ ದೊಡ್ಡ ಮಳಿಗೆ ಹೆಚ್ಚು ಕಣ್ಣಿಗೆ ಬೀಳುತ್ತದೆ.

ಇದನ್ನು ಎದುರಿಸಲಾಗದು ಎಂದು ಕೈಚೆಲ್ಲುವವರಿಗೆ ಒಂದು ಸಂಗತಿ ನೆನಪಿಸುತ್ತೇವೆ. ಬಡವರಿಗೆ ಪುಕ್ಕಟೆ ಇಂಟರ್ನೆಟ್ ಎಂದು ಇದೇ ಕಂಪನಿ 2015ರಲ್ಲಿ ‘ಫ್ರೀ ಬೇಸಿಕ್ಸ್’ ಎಂಬ ಯೋಜನೆಯನ್ನು ಮುಂದೊಡ್ಡಿತು. ಬಡವನು ಪುಕ್ಕಟೆಯಾಗಿ ಏನನ್ನು ನೋಡಬಹುದೆಂಬ ಪಟ್ಟಿಯ ಬೀಗ ಕಂಪನಿಯ ಕೈಯಲ್ಲಿ! ದೇಶದಲ್ಲೆಲ್ಲ ವಿರೋಧವೆದ್ದಿತು. 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಇಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಕಂಪನಿ ಆ ಯೋಜನೆಯನ್ನು ಇಲ್ಲಿಂದ ಎತ್ತಿಕೊಂಡು ಹೋಯಿತು.

ಮುಂದಿನ ಮಾತುಕತೆಯ ಬೇಡಿಕೆಪಟ್ಟಿಯಲ್ಲಿ, ಪಾಳಿ ಮುಗಿದ ಮೇಲೆ ಬರುವ ಅಪ್ಪಣೆಗಳ ಪ್ರಶ್ನೆಯನ್ನೂ ನಾವು ಸೇರಿಸಲಿದ್ದೇವೆ. ಅಂಥ ಸಂದೇಶಗಳನ್ನು ಅಳಿಸಬೇಡಿ. ತಾರೀಖು, ಗಂಟೆ ಸಮೇತ ಸಂಘದ ಕಚೇರಿಗೆ ತಂದು ತೋರಿಸಿ.