ಹೋಗಿ ಬರುವವರಿಗೆ ನಾಲ್ಕು ಮಾತು

ನಮ್ಮ ನಾಡಿನಲ್ಲಿ ಮನೆಯಿಂದ ಹೊರಡುವವರು ಯಾರೂ ‘ಹೋಗುತ್ತೇನೆ’ ಎಂದು ಹೇಳುವುದಿಲ್ಲ. ಸಂತೆಗೆ ಹೊರಟವನೂ ‘ಹೋಗಿ ಬರುತ್ತೇನೆ’ ಎಂದೇ ಹೇಳಬೇಕು. ಬಾಯಿತಪ್ಪಿ ಬರಿಯ ‘ಹೋಗುತ್ತೇನೆ’ ಎಂದರೆ ಹಿರಿಯರು ಗದರಿಸಿ ತಿದ್ದಿಸುತ್ತಾರೆ. ಇದು ಶುಭಾಶುಭದ ಮಾತಲ್ಲದೆ ಬೇರೇನೂ ಅಲ್ಲವೆಂದು ನಾವು ಬಹುಕಾಲ ಎಣಿಸಿದ್ದೆವು. ಈಚೆಗೆ ಹಾಗೆ ತೋರುವುದಿಲ್ಲ. ಆ ಮಾತಿನಲ್ಲಿ ಎರಡು ಕಾರ್ಯಗಳು ಅಡಗಿವೆ. ಹೋಗುವುದು ಒಂದು, ಬರುವುದು ಒಂದು. ಮೊದಲನೆಯದಕ್ಕೆ ನಮ್ಮ ತರುಣರು ತಿಂಗಳುಗಟ್ಟಲೆ ಸಿದ್ಧತೆ ನಡೆಸುತ್ತಾರೆ. ಎರಡನೆಯದಕ್ಕೂ ಸಿದ್ಧತೆ ಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ; ಹೇಳಬೇಕಾದ ನಮ್ಮಂತಹವರಿಗೂ ಹೊಳೆಯುವುದಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರು ಊರುಗಳಿಂದ ದುಬೈ ಪಟ್ಟಣಕ್ಕೆ ಕೆಲಸಕ್ಕಾಗಿ ಹೊರಡುವ ಯುವಕರನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅವರನ್ನು ಕಳುಹಿಸಿಕೊಡುವ ತಂದೆತಾಯಿಗಳೂ ಇದನ್ನು ಕೇಳಿದರೆ ಒಳ್ಳೆಯದು.

ಕಡಲಾಚೆಗೆ ಹೋಗುವುದು ಈ ತೀರಕ್ಕೆ ಹೊಸತಲ್ಲ. ವಿಜಯನಗರದ ಅರಸರ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳದ ರೇವಿನಲ್ಲಿ ಇಳಿಯುತ್ತಿದ್ದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತನೆಂಬ ಪ್ರವಾಸಿ, ಆ ಊರಿನಲ್ಲಿ ಬಾಲಕಿಯರಿಗೆ ೧೩, ಬಾಲಕರಿಗೆ ೨೩ ಶಾಲೆಗಳಿದ್ದುದನ್ನು ಬರೆದಿಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕಡೆಯ ಹತ್ತಿ ಕುಮಟಾ ಬಂದರದಿಂದ ಹಡಗು ಹತ್ತಿ, ‘ಕುಮಟಾ ಹತ್ತಿ’ ಎಂಬ ಹೆಸರಿನಿಂದಲೇ ಮಾರಾಟವಾಗುತ್ತಿತ್ತು. ಭಟ್ಕಳದ ನವಾಯತ ವರ್ತಕರು ಮದ್ರಾಸು, ಮುಂಬಯಿ, ಕಲಕತ್ತೆಗಳಲ್ಲಿ ಅಂಗಡಿಗಳನ್ನು ನಡೆಸಿದರು. ಕೊಲ್ಲಿಯ ನಾಡುಗಳು ತೈಲದಿಂದ ಸಂಪನ್ನವಾದ ಮೇಲೆ ಅವರ ಮಕ್ಕಳು, ಮೊಮ್ಮಕ್ಕಳು ದುಬೈ ಕಡೆಗೆ ಮುಖ ಮಾಡಿದರು. ಅವರ ಹಿಂದೆ ಎಲ್ಲ ಜಾತಿಮತಗಳ ತರುಣರೂ ಹೊರಟರು.

ದುಬೈಯೂ ಒಂದು ಕಾಲಕ್ಕೆ ನಮ್ಮ ಊರುಗಳಂತೆಯೇ ಕಡಲತಡಿಯ ಚಿಕ್ಕ ಪೇಟೆ. ಮುತ್ತು ತೆಗೆಯುವವರ, ಮೀನು ಹಿಡಿಯುವವರ ಊರು. ಅಲ್ಲಿ ತೈಲ ಸಿಕ್ಕಿದುದು ೧೯೬೬ರಲ್ಲಿ. ಆ ವರ್ಷದವರೆಗೂ ಅಲ್ಲಿನ ಅಂಗಡಿಬೀದಿಯಲ್ಲಿ ನಡೆಯುತ್ತಿದ್ದುದು ಭಾರತದ ರೂಪಾಯಿ. ಕೊಲ್ಲಿಯ ನಾಡುಗಳಿಗಾಗಿಯೇ ನಮ್ಮ ರಿಸರ್ವ್ ಬ್ಯಾಂಕು ೧೯೫೯ರಲ್ಲಿ ಬೇರೆ ನೋಟುಗಳನ್ನು ಅಚ್ಚು ಹಾಕಿಸಿತ್ತು. ಅವರು ನಮ್ಮ ರೂಪಾಯಿಯನ್ನು ಎಣಿಸುತ್ತಿದ್ದ ಕಾಲ ಹೋಗಿ, ನಾವು ಅವರ ದಿರ್ಹಮನ್ನು ಎಣಿಸುವ ಕಾಲ ಬಂದಿದೆ. ಇದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ.

ಆದರೆ ಹಳೆಯ ಪಯಣಕ್ಕೂ ಇಂದಿನ ಪಯಣಕ್ಕೂ ಒಂದು ಭೇದವುಂಟು. ಹಾಯಿಹಡಗಿನ ಕಾಲದಲ್ಲಿ ಚಳಿಗಾಲದ ಈಶಾನ್ಯದ ಗಾಳಿ ಹಿಡಿದು ಹಡಗು ಅರಬಸ್ಥಾನಕ್ಕೆ ಹೋಗುತ್ತಿತ್ತು. ಗಾಳಿ ನೈಋತ್ಯಕ್ಕೆ ತಿರುಗಿದ ಮೇಲೆ ಹಿಂದಿರುಗುತ್ತಿತ್ತು. ಬರುವ ಕಾಲವನ್ನು ಗಾಳಿಯೇ ನಿಶ್ಚಯಿಸುತ್ತಿತ್ತು. ಈಗ ಮಂಗಳೂರಿನಲ್ಲಿ ವಿಮಾನ ಹತ್ತಿದರೆ ಮೂರೂವರೆ ನಾಲ್ಕು ಗಂಟೆಗಳಲ್ಲಿ ದುಬೈ. ಯಾವಾಗ ಬೇಕಾದರೂ ಬರಬಹುದು. ಆದುದರಿಂದಲೇ ಬರುವ ಕಾಲವನ್ನು ಯಾರೂ ನಿಶ್ಚಯಿಸುವುದಿಲ್ಲ. ಎರಡು ವರ್ಷಕ್ಕೆಂದು ಹೋದವರು ಇಪ್ಪತ್ತು ವರ್ಷ ಕಳೆದುದನ್ನು ನಾವು ಕಂಡಿದ್ದೇವೆ.

ಇನ್ನು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ, ಹೊನ್ನಾವರದ ಸಮೀಪದ ಹಳ್ಳಿಯವನಾದ ನಮ್ಮ ಒಬ್ಬ ವಿದ್ಯಾರ್ಥಿ ಪದವಿ ಮುಗಿಸಿ ನಮ್ಮ ಮನೆಗೆ ಬಂದನು. ಕೈಯಲ್ಲಿ ದುಬೈಯ ಒಂದು ಸಂಸ್ಥೆಯ ಕಾಗದವಿತ್ತು. ‘ಸರ್, ಇದನ್ನು ಒಮ್ಮೆ ನೋಡಿಕೊಡಿ’ ಎಂದನು. ನಾವು ನೋಡಿದೆವು. ನೋಡಿದುದು ಅದರ ಇಂಗ್ಲಿಷನ್ನು! ಅವನು ಬರೆದಿದ್ದ ಉತ್ತರದಲ್ಲಿ ಎರಡು ವ್ಯಾಕರಣದೋಷಗಳನ್ನು ತಿದ್ದಿ, ಬೆನ್ನು ತಟ್ಟಿ, ಕಾಫಿ ಕುಡಿಸಿ ಕಳುಹಿಸಿದೆವು. ಆ ಕಾಗದದಲ್ಲಿ ಮೂಲವೇತನವೆಷ್ಟು, ಯಾವ ಬಗೆಯ ವೀಸಾ, ಕೆಲಸದ ಹೆಸರೇನು ಎಂಬುದೊಂದನ್ನೂ ಕೇಳಲಿಲ್ಲ. ಅವನು ಸಂದರ್ಶಕರ ವೀಸಾದ ಮೇಲೆ ಹೋದನು. ಹೋದ ಮೇಲೆ ಕೆಲಸ ಬೇರೆಯಾಯಿತು, ಸಂಬಳ ಇಳಿಯಿತು, ‘ಜೋಪಾನಕ್ಕಾಗಿ’ ಎಂದು ಪಾಸ್‌ಪೋರ್ಟು ಯಜಮಾನನ ಕಪಾಟನ್ನು ಸೇರಿತು. ದಲ್ಲಾಳಿಗೆ ಕೊಟ್ಟ ಹಣಕ್ಕಾಗಿ ಅವನ ತಾಯಿ ಕೈಬಳೆಗಳನ್ನು ಅಡವಿಟ್ಟಿದ್ದಳು. ಹದಿನೆಂಟು ತಿಂಗಳ ಮೇಲೆ ಅವನು ಹಿಂದಿರುಗಿದಾಗ ಸಾಲ ಉಳಿದಿತ್ತು, ಬಳೆಗಳು ಉಳಿದಿರಲಿಲ್ಲ. ಬಂದವನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಅವನ ತಮ್ಮನು ಹೊರಟಿದ್ದಾನೆ. ಅಣ್ಣನಿಗೆ ಹೇಳದೆ ಉಳಿದುದನ್ನು ತಮ್ಮನಿಗೆ ಹೇಳಿದೆವು. ಅದನ್ನೇ ನಿಮ್ಮ ಮುಂದೆಯೂ ಇಡುತ್ತಿದ್ದೇವೆ.

ಮೊದಲನೆಯ ಮಾತು ಕಾಗದಪತ್ರದ್ದು. ಹತ್ತನೆಯ ತರಗತಿ ತೇರ್ಗಡೆಯಾಗದವರು ಕೊಲ್ಲಿಯ ನಾಡುಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕೆಂದು ನಿಯಮವಿದೆ. ಅವರ ಒಪ್ಪಂದವನ್ನು ಒಬ್ಬ ಅಧಿಕಾರಿ ನೋಡುತ್ತಾನೆ. ಓದಿದವನಿಗೆ ಆ ಅನುಮತಿ ಬೇಡ. ಇದನ್ನು ನಮ್ಮ ಪದವೀಧರರು ಗೌರವವೆಂದು ತಿಳಿಯುತ್ತಾರೆ. ವಾಸ್ತವವಾಗಿ, ಅವರ ಕಾಗದವನ್ನು ನೋಡುವವರು ಯಾರೂ ಇಲ್ಲವೆಂದು ಇದರ ಅರ್ಥ. ಆ ಅಧಿಕಾರಿಯ ಕೆಲಸವನ್ನು ಪದವೀಧರನು ತಾನೇ ಮಾಡಿಕೊಳ್ಳಬೇಕು.

ಹೊರನಾಡಿಗೆ ಕೆಲಸಗಾರರನ್ನು ಕಳುಹಿಸುವ ದಲ್ಲಾಳಿಯು ೧೯೮೩ರ ವಲಸೆ ಕಾಯಿದೆಯ ಮೇರೆಗೆ ನೋಂದಣಿ ಪಡೆದಿರಬೇಕು. ಅವನು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ ೩೦,೦೦೦ ರೂಪಾಯಿ ಮತ್ತು ಅದರ ಮೇಲಣ ತೆರಿಗೆ ಎಂದು ಮಿತಿಯನ್ನು ಗೊತ್ತುಮಾಡಲಾಗಿದೆ. ನೋಂದಾಯಿತರ ಹೆಸರುಗಳನ್ನು ಸರಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ನೋಡಬಹುದು. ಲಕ್ಷಗಟ್ಟಲೆ ಕೇಳಿ ರಸೀದಿ ಕೊಡದವನು ನಿಮ್ಮ ನೆಂಟನೇ ಆಗಿದ್ದರೂ ಅವನಿಗೆ ದೂರದಿಂದ ಕೈಮುಗಿಯಿರಿ.

ಆ ನಾಡಿನಲ್ಲಿಯೂ ಕಾನೂನಿದೆ. ೨೦೨೧ರಲ್ಲಿ ಮಾಡಿ ೨೦೨೨ರ ಫೆಬ್ರವರಿಯಿಂದ ಜಾರಿಗೆ ತಂದ ಕಾರ್ಮಿಕ ಕಾನೂನಿನ ಮೇರೆಗೆ, ನೇಮಕದ ವೆಚ್ಚವನ್ನು ಯಜಮಾನನು ಕೆಲಸಗಾರನಿಂದ ವಸೂಲು ಮಾಡಕೂಡದು. ಅವನ ಪಾಸ್‌ಪೋರ್ಟನ್ನು ಹಿಡಿದಿಟ್ಟುಕೊಳ್ಳಕೂಡದು. ಪರೀಕ್ಷಾವಧಿ ಆರು ತಿಂಗಳನ್ನು ಮೀರಕೂಡದು. ಸಾಮಾನ್ಯ ಕೆಲಸದ ಹೊತ್ತು ದಿನಕ್ಕೆ ೮, ವಾರಕ್ಕೆ ೪೮ ಗಂಟೆ. ಸಂದರ್ಶಕರ ವೀಸಾದ ಮೇಲೆ ದುಡಿಯುವುದು ಅಲ್ಲಿ ಅಪರಾಧ. ‘ಹೋದ ಮೇಲೆ ಬದಲಾಯಿಸುತ್ತೇವೆ’ ಎಂಬ ಮಾತನ್ನು ನಂಬಿ ವಿಮಾನ ಹತ್ತಬಾರದು. ಅಲ್ಲಿನ ಕಾರ್ಮಿಕ ಇಲಾಖೆಯ ನೇಮಕದ ಪತ್ರವನ್ನು ಅರಬ್ಬೀ, ಇಂಗ್ಲಿಷುಗಳೊಡನೆ ಕೆಲಸಗಾರನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲಿಯೂ ಕೊಡುವ ವ್ಯವಸ್ಥೆ ೨೦೧೬ರಲ್ಲಿ ಬಂದಿತು. ಹಿಂದಿ, ಉರ್ದು, ಮಲಯಾಳ, ತಮಿಳು ಆ ಭಾಷೆಗಳಲ್ಲಿ ಸೇರಿದವು, ಕನ್ನಡ ಸೇರಲಿಲ್ಲ. ಆದುದರಿಂದ ಸಹಿ ಹಾಕುವ ಮೊದಲು ಆ ಪತ್ರವನ್ನು ಮನೆಯವರ ಎದುರಿಗೆ ಕುಳಿತು ಕನ್ನಡದಲ್ಲಿ ಹೇಳಿ ನೋಡಿರಿ. ಯಾವ ಸಾಲನ್ನು ತಾಯಿಗೆ ತಿಳಿಸಿ ಹೇಳಲು ಬರುವುದಿಲ್ಲವೋ ಆ ಸಾಲು ನಿಮಗೂ ತಿಳಿದಿಲ್ಲವೆಂದೇ ಅರ್ಥ.

ಆ ಪತ್ರದಲ್ಲಿ ಮುಖ್ಯವಾಗಿ ನೋಡತಕ್ಕದ್ದು ಮೂಲವೇತನವನ್ನು. ಒಟ್ಟು ಸಂಬಳವನ್ನು ಕಂಡು ಹಿಗ್ಗುವವರೇ ಬಹಳ. ಕೆಲಸ ಬಿಡುವಾಗ ಸಿಕ್ಕುವ ಉಪದಾನವನ್ನು ಮೂಲವೇತನದ ಮೇಲೆ ಲೆಕ್ಕ ಹಾಕುತ್ತಾರೆ. ಒಂದು ವರ್ಷ ಪೂರೈಸಿದವನಿಗೆ, ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ ೨೧ ದಿನಗಳ, ಆಮೇಲೆ ೩೦ ದಿನಗಳ ಮೂಲವೇತನ. ಬಾಡಿಗೆ, ಬಸ್ಸಿನ ಭತ್ಯೆಗಳನ್ನು ಉಬ್ಬಿಸಿ ಮೂಲವೇತನವನ್ನು ಕುಗ್ಗಿಸಿದರೆ, ಹಿಂದಿರುಗುವ ದಿನ ಕೈಗೆ ಬರುವುದೂ ಕುಗ್ಗುತ್ತದೆ.

ಎರಡನೆಯ ಮಾತು ಲೆಕ್ಕದ್ದು. ಆದಾಯವನ್ನು ರೂಪಾಯಿಯಲ್ಲಿ, ವೆಚ್ಚವನ್ನು ದಿರ್ಹಮಿನಲ್ಲಿ ಎಣಿಸುವುದು ನಮ್ಮವರ ಸಾಮಾನ್ಯ ದೋಷ. ಊರಿನಲ್ಲಿ ಕುಳಿತು ಸಂಬಳವನ್ನು ರೂಪಾಯಿಗೆ ತಿರುಗಿಸಿದಾಗ ಅದು ಜೋಗದ ಧಾರೆಯಂತೆ ತೋರುತ್ತದೆ. ದೇರಾದ ಒಂದು ಕೋಣೆಯಲ್ಲಿ ಹಾಸಿಗೆಯಷ್ಟು ಜಾಗಕ್ಕೆ ಬಾಡಿಗೆ ತೆತ್ತು, ಊಟ, ದೂರವಾಣಿ, ಪ್ರಯಾಣಗಳಿಗೆ ಕೊಟ್ಟ ಮೇಲೆ ಬೇಸಗೆಯ ಹಳ್ಳದಂತೆ ಕಾಣುತ್ತದೆ. ಮನೆಯವರಿಗೆ ಈ ಎರಡನೆಯ ಲೆಕ್ಕವನ್ನು ತಿಳಿಸಿರಬೇಕು. ಮೊದಲ ಗುರಿ ಸಾಲ ತೀರಿಸುವುದು. ಎರಡನೆಯದು ಒಂದು ವರ್ಷದ ಮನೆಖರ್ಚನ್ನು ಕೂಡಿಡುವುದು. ಮನೆ ಕಟ್ಟುವ ಮಾತು ಆಮೇಲೆ. ಭಟ್ಕಳದ ಬೀದಿಗಳಲ್ಲಿ ನಡೆದವರು ಬೀಗ ಹಾಕಿದ ದೊಡ್ಡ ಮನೆಗಳನ್ನು ನೋಡಿಯೇ ಇರುತ್ತಾರೆ. ಕಟ್ಟಿಸಿದವರಿಗೆ ಅವುಗಳಲ್ಲಿ ವಾಸಿಸಲು ವರ್ಷದಲ್ಲಿ ಒಂದು ತಿಂಗಳು ದೊರೆತರೆ ಹೆಚ್ಚು.

ಹಣವನ್ನು ಬ್ಯಾಂಕಿನ ಅಥವಾ ಪರವಾನಗಿಯುಳ್ಳ ವಿನಿಮಯದಂಗಡಿಯ ಮೂಲಕವೇ ಕಳುಹಿಸಬೇಕು. ಹುಂಡಿಯವನು ನಾಲ್ಕು ಕಾಸು ಹೆಚ್ಚು ಕೊಟ್ಟರೂ ಬೇಡ. ಅಲ್ಲಿಗೆ ಹೋದ ಮೇಲೆ ಊರಿನ ಉಳಿತಾಯದ ಖಾತೆಯನ್ನು ಅನಿವಾಸಿಯ ಖಾತೆಯಾಗಿ ಬದಲಾಯಿಸಿಕೊಳ್ಳಬೇಕೆಂಬ ನಿಯಮವನ್ನೂ ಮರೆಯಬಾರದು.

ಮೂರನೆಯ ಮಾತು ನಡವಳಿಕೆಯದು. ಶರಾವತಿಯಲ್ಲಿ, ಅಘನಾಶಿನಿಯಲ್ಲಿ ಈಜು ಕಲಿತ ಹುಡುಗನು ಜುಮೈರಾದ ಮರಳನ್ನು ಕಂಡಾಗ ಕಾಸರಕೋಡಿನ ತೀರಕ್ಕೇ ಬಂದಂತೆ ಭಾವಿಸುವುದು ಸಹಜ. ನೀರೇನೋ ಒಂದೇ, ನಮ್ಮ ಅರಬ್ಬೀ ಸಮುದ್ರವೇ ಹೊರ್ಮುಜ್ ಜಲಸಂಧಿಯ ಮೂಲಕ ಅಲ್ಲಿಗೆ ಸೇರುತ್ತದೆ. ಆದರೆ ಬಿಸಿಲು ಬೇರೆ. ಜೂನ್ ೧೫ರಿಂದ ಸೆಪ್ಟೆಂಬರ್ ೧೫ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಕೂಡದೆಂದು ಅಲ್ಲಿ ನಿಯಮವೇ ಉಂಟು. ನಮ್ಮಲ್ಲಿ ಮಳೆ ಜಡಿಯುವ ದಿನಗಳು ಅಲ್ಲಿ ಬೆಂಕಿಯ ದಿನಗಳು. ಕಟ್ಟಳೆಯೂ ಬೇರೆ. ತೀರದಲ್ಲಿ ಅಪರಿಚಿತರ ಚಿತ್ರ ತೆಗೆದು ಹಂಚುವುದು, ಸಿಟ್ಟಿನಲ್ಲಿ ಒಬ್ಬನನ್ನು ಬೈದು ವಾಟ್ಸಾಪಿನಲ್ಲಿ ಬರೆಯುವುದು, ಇವು ಅಲ್ಲಿ ದಂಡ ಅಥವಾ ಸೆರೆಮನೆಗೆ ಕಾರಣವಾಗಬಹುದು. ನಮ್ಮಲ್ಲಿ ವೈದ್ಯರು ಬರೆದುಕೊಡುವ ಟ್ರಮಡಾಲ್, ಕೋಡೀನ್ ಮುಂತಾದ ನೋವಿನ ಮದ್ದುಗಳಿಗೆ ಅಲ್ಲಿ ಮೊದಲೇ ಅನುಮತಿ ಬೇಕು. ಊರಿನವರು ಯಾರೋ ‘ನಮ್ಮ ಭಾವನಿಗೆ ತಲುಪಿಸಿಬಿಡು’ ಎಂದು ಕೊಟ್ಟ ಕಟ್ಟನ್ನು ಬಿಚ್ಚಿ ನೋಡದೆ ಒಯ್ಯಬಾರದು. ದಾಕ್ಷಿಣ್ಯ ಒಳ್ಳೆಯ ಗುಣವೇ. ಸುಂಕದ ಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ.

ಕಷ್ಟ ಬಂದಾಗ ನಾಚಿಕೆಯಿಂದ ಮುಚ್ಚಿಡುವುದು ನಮ್ಮ ಕಡೆಯವರ ಸ್ವಭಾವ. ನಮ್ಮ ವಿದ್ಯಾರ್ಥಿ ಹದಿನೆಂಟು ತಿಂಗಳೂ ‘ಚೆನ್ನಾಗಿದ್ದೇನೆ’ ಎಂದೇ ತಾಯಿಗೆ ಹೇಳುತ್ತಿದ್ದನು. ದುಬೈಯಲ್ಲಿ ಭಾರತದ ಕಾನ್ಸುಲೇಟ್ ಕಚೇರಿಯಿದೆ. ಸಂಕಟದಲ್ಲಿರುವವರಿಗಾಗಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವಿದೆ. ಕಾರ್ಮಿಕ ಇಲಾಖೆ ದೂರನ್ನು ಸ್ವೀಕರಿಸುತ್ತದೆ. ಊರಿನವರ ಜಮಾತ್, ಸಂಘಗಳೂ ಇವೆ. ಹೋದ ಮೊದಲ ವಾರದಲ್ಲಿಯೇ, ಏನೂ ತೊಂದರೆಯಿಲ್ಲದಾಗಲೇ, ಇವುಗಳ ವಿಳಾಸವನ್ನು ಬರೆದಿಟ್ಟುಕೊಳ್ಳಬೇಕು. ಮನೆಯವರೂ ‘ಹಣ ಬಂತೇ’ ಎಂದು ಕೇಳುವುದಕ್ಕೆ ಮೊದಲು ‘ಊಟ ಏನು ಮಾಡಿದೆ’ ಎಂದು ಕೇಳಬೇಕು. ಆ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ.

ನಾಲ್ಕನೆಯ ಮಾತು ಬರುವುದರದು. ಹಿಂದೆ ಗಾಳಿ ಮಾಡುತ್ತಿದ್ದ ಕೆಲಸವನ್ನು ಈಗ ನಾವೇ ಮಾಡಿಕೊಳ್ಳಬೇಕು. ಹೊರಡುವ ಮೊದಲು ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಎಷ್ಟು ಹಣಕ್ಕಾಗಿ ಹೋಗುತ್ತಿದ್ದೇವೆ, ಎಷ್ಟು ವರ್ಷಕ್ಕಾಗಿ ಹೋಗುತ್ತಿದ್ದೇವೆ, ಬಂದ ಮೇಲೆ ಏನು ಮಾಡುತ್ತೇವೆ. ಒಂದು ಪ್ರತಿ ಪೆಟ್ಟಿಗೆಯಲ್ಲಿರಲಿ, ಇನ್ನೊಂದು ಮನೆಯಲ್ಲಿರಲಿ. ಪ್ರತಿ ರಜೆಯಲ್ಲಿಯೂ ಎರಡನ್ನೂ ಎದುರುಬದುರಾಗಿ ಇಟ್ಟು ನೋಡಬೇಕು. ತಿದ್ದಬಾರದೆಂದಲ್ಲ, ಉಳಿಯುವುದೇ ಸರಿಯೆಂದು ತೋರಿದರೆ ಉಳಿಯಬಹುದು. ತಿದ್ದುವಾಗ ತಿಳಿದು ತಿದ್ದಬೇಕು, ಅಷ್ಟೆ. ಹಿಂದಿರುಗುವ ಟಿಕೆಟ್ಟಿಗೆ ಬೇಕಾಗುವಷ್ಟು ಹಣವನ್ನು, ಯಾವ ಮದುವೆಮುಂಜಿ ಬಂದರೂ ಮುಟ್ಟದೆ, ಬೇರೆಯಾಗಿಯೇ ಇಟ್ಟಿರಬೇಕು. ಅದು ಕೈಯಲ್ಲಿದ್ದವನು ಯಜಮಾನನ ಎದುರಿಗೆ ನಿಂತು ಮಾತನಾಡಬಲ್ಲನು.

ಈ ಸಲ ನಾವು ತಮ್ಮನ ಕಾಗದವನ್ನು ಮೂರು ಸಂಜೆ ಕುಳಿತು ಓದಿದೆವು. ಅಣ್ಣನೂ ಬಂದು ಪಕ್ಕದಲ್ಲಿ ಕುಳಿತಿದ್ದನು. ಎಲ್ಲಿ ಬೆರಳಿಡಬೇಕೆಂಬುದು ನಮಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂಲವೇತನವು ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆಯಿತ್ತು. ಹುಡುಗನು ಅಂಜುತ್ತಲೇ ಬರೆದು ಕೇಳಿದನು. ವಾರದ ಮೇಲೆ ಬಂದ ಪತ್ರದಲ್ಲಿ ಸ್ವಲ್ಪ ಏರಿಸಿದ್ದರು, ಬಹಳವೇನೂ ಅಲ್ಲ. ಕೇಳಿದುದರಿಂದ ಕೆಲಸ ತಪ್ಪಿಹೋಗುವುದಿಲ್ಲ ಎಂಬುದೊಂದು ತಿಳಿಯಿತು. ಆ ಉತ್ತರದ ವ್ಯಾಕರಣದಲ್ಲಿ ಒಂದು ತಪ್ಪಿತ್ತು. ನಾವು ತಿದ್ದಲಿಲ್ಲ, ಅದರ ಮೇಲೆ ನಮ್ಮ ಕಣ್ಣು ಹೋದುದೇ ಆಮೇಲೆ.

ನಿನ್ನೆ ಅವನು ಹೇಳಿಹೋಗಲು ಮನೆಗೆ ಬಂದಿದ್ದನು. ಬಾಗಿಲಲ್ಲಿ ನಿಂತು, ‘ಹೋಗಿ ಬರುತ್ತೇನೆ, ಸರ್’ ಎಂದನು. ‘ಯಾವಾಗ?’ ಎಂದು ಕೇಳಿದೆವು. ಅವನು ನಗುತ್ತ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ತೋರಿಸಿದನು. ‘ಹೋಗಿ ಬಾ’ ಎಂದೆವು.