ಅಧಿಕಾರವಿಲ್ಲದ ಮುಂದಾಳು



ನಾಲ್ಕು ಜನರನ್ನು ಕಟ್ಟಿಕೊಂಡು ಕೆಲಸ ಮಾಡಿಸುವ ಹೊಣೆ ಒಂದಲ್ಲ ಒಂದು ದಿನ ನಮ್ಮ ಹೆಗಲಿಗೆ ಬಂದೇ ಬರುತ್ತದೆ. ಸಹಕಾರಿ ಸಂಘದ ಶಾಖೆಯಾಗಲಿ, ಶಾಲೆಯಾಗಲಿ, ಗೇರುಬೀಜದ ಕಾರ್ಖಾನೆಯಾಗಲಿ, ಅಲ್ಲಿನ ಕಿರಿಕಿರಿಗಳು ಹೆಚ್ಚುಕಡಿಮೆ ಒಂದೇ. ಒಬ್ಬರು ದಿನಾ ತಡವಾಗಿ ಬರುತ್ತಾರೆ. ಇನ್ನೊಬ್ಬರು ಮೈಬಗ್ಗಿಸುವುದಿಲ್ಲ. ಚುರುಕಾಗಿ ದುಡಿಯುವವರ ಮೇಲೆಯೇ ಎಲ್ಲ ಭಾರ ಬೀಳುತ್ತದೆ. ಇಬ್ಬರ ನಡುವೆ ಮಾತೇ ನಿಂತುಹೋಗಿರುತ್ತದೆ. ಸಂಬಳ ಕಡಿದರೆ, ನೋಟಿಸು ಕೊಟ್ಟರೆ ಎಲ್ಲ ಸರಿಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಈ ಎರಡೂ ಕೈಯಲ್ಲಿಲ್ಲದೆ ತಂಡ ನಡೆಸಿದವರು ನಮ್ಮ ಊರುಗಳಲ್ಲೇ ಇದ್ದಾರೆ. ಅವರು ನಡೆಸುವ ಕ್ರಮದ ಬಗ್ಗೆ ಇವತ್ತು ಮಾತಾಡುತ್ತೇನೆ.

ಮೊದಲ ಉದಾಹರಣೆ ರೈತರ ತಂಡಗಳದ್ದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಶುರುವಾಯಿತು. ಭೂಸುಧಾರಣೆಯ ನಂತರ ಎಷ್ಟೋ ಗೇಣಿದಾರರ ಕೈಗೆ ಜಮೀನು ಬಂದಿತ್ತು. ಆದರೆ ಆಳು ಹಿಡಿದು ಅದನ್ನು ಹದಮಾಡಲು ದುಡ್ಡಿರಲಿಲ್ಲ. ಹಿಂದಿನಿಂದ ಬಂದ ಮುಯ್ಯಾಳು ಪದ್ಧತಿಗೆ, ಅಂದರೆ ಒಬ್ಬರಿಗೊಬ್ಬರು ಸರದಿಯಲ್ಲಿ ದುಡಿದುಕೊಡುವ ಕ್ರಮಕ್ಕೆ, ಯೋಜನೆ ಒಂದು ಶಿಸ್ತು ಕೊಟ್ಟಾಗ ಪ್ರಗತಿಬಂಧು ತಂಡಗಳು ಹುಟ್ಟಿದವು. ನೆರೆಕರೆಯ ಐದರಿಂದ ಎಂಟು ಮಂದಿ ಸಣ್ಣ ರೈತರು ಸೇರಿದರೆ ಒಂದು ತಂಡ. ವಾರಕ್ಕೊಂದು ದಿನ ಎಲ್ಲರೂ ಒಬ್ಬರ ಜಮೀನಿನಲ್ಲಿ ದುಡಿಯುತ್ತಾರೆ. ಮುಂದಿನ ವಾರ ಇನ್ನೊಬ್ಬರ ಸರದಿ. ವಾರದ ಸಭೆಯುಂಟು, ಉಳಿತಾಯವುಂಟು, ಲೆಕ್ಕಕ್ಕೆ ಪುಸ್ತಕವುಂಟು.

ಇಂಥ ತಂಡದ ಮುಂದಾಳು ಯಾರಿಗೂ ಕೂಲಿ ಕೊಡುವವನಲ್ಲ. ಯಾರನ್ನೂ ನಾಳೆಯಿಂದ ಬರಬೇಡ ಎನ್ನಲಾರ. ದುಡಿಯುವವರೆಲ್ಲ ಅವನ ನೆರೆಯವರೇ. ಬಂಟ್ವಾಳ ಕಡೆಯ ಒಂದು ಅಡಿಕೆ ತೋಟದಲ್ಲಿ ಬಸಿಗಾಲುವೆಯ ಹೂಳು ತೆಗೆಯುವ ದಿನವನ್ನು ಕಣ್ಣಮುಂದೆ ತಂದುಕೊಳ್ಳಿ. ಐವರು ಎಂಟು ಗಂಟೆಗೇ ಹಾರೆ ಹಿಡಿದಿದ್ದಾರೆ. ಆರನೆಯವರು ಬಂದದ್ದು ಒಂಬತ್ತೂವರೆಗೆ. ಅನುಭವವಿದ್ದ ಮುಂದಾಳು ಎಲ್ಲರೆದುರು ರೇಗುವುದಿಲ್ಲ. "ಎಂತ ಆಯ್ತು ಅಣ್ಣ, ಮನೆಯಲ್ಲಿ ಎಲ್ಲ ಸೌಖ್ಯ ಉಂಟಲ್ಲ?" ಎಂದು ಮೊದಲು ವಿಚಾರಿಸುತ್ತಾನೆ. ಕಾರಣ ನಿಜವಾದರೆ ಮಾತು ಅಲ್ಲಿಗೇ ಮುಗಿಯಿತು. ಅದೇ ಅಭ್ಯಾಸವಾದರೆ ವಾರದ ಸಭೆಯಲ್ಲಿ ವಿಷಯ ಎತ್ತುತ್ತಾನೆ. ಆಗ ಅದು ಅವನೊಬ್ಬನ ಸಿಟ್ಟಲ್ಲ, ತಂಡದ ಲೆಕ್ಕ.

ಮೈಗಳ್ಳತನಕ್ಕೆ ಮದ್ದು ಸರದಿಯಲ್ಲೇ ಇದೆ. ಇವತ್ತು ಬೇರೆಯವರ ತೋಟದಲ್ಲಿ ಅರೆಮನಸ್ಸಿನಿಂದ ದುಡಿದವನ ತೋಟಕ್ಕೆ ನಾಳೆ ಅದೇ ಮಂದಿ ಬರಬೇಕು. ಆ ಸರದಿ ಎಲ್ಲರೂ ಕೂಡಿ ಗೊತ್ತುಮಾಡಿದ್ದು, ಹಾಗಾಗಿ ಮುಂದಾಳು ತನ್ನ ಜಮೀನಿಗೆ ಮೊದಲು ಬನ್ನಿ ಎನ್ನುವಂತಿಲ್ಲ. ಅವನೂ ಕೆಸರಿಗಿಳಿಯಬೇಕು. ಕಾಲುವೆಯ ಕಷ್ಟದ ಕಡೆಯನ್ನು ಅವನೇ ಹಿಡಿದರೆ ಉಳಿದವರಿಗೆ ಹೇಳುವ ಮಾತಿಗೆ ತೂಕ ಬರುತ್ತದೆ. ಈ ಮರದಿಂದ ಆ ಮರದವರೆಗೆ ನಿಮ್ಮದು ಎಂದು ಪಾಲು ಹಂಚಿದ ಮೇಲೆ, ಎಷ್ಟು ಮಾಡಿದರೂ ಇನ್ನೂ ಇದೆ ಎಂಬ ಬೇಸರ ಚುರುಕಿನವರನ್ನು ಕಾಡುವುದಿಲ್ಲ.

ಇನ್ನೊಂದು ಉದಾಹರಣೆ ಯಕ್ಷಗಾನ ಮೇಳದ್ದು. ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದು 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಕಟೀಲು ಮೇಳವನ್ನು ದೀರ್ಘಕಾಲ ಮುನ್ನಡೆಸಿದವರು. ಹಾಡುತ್ತ ಆಟ ನಡೆಸುವ ಭಾಗವತರನ್ನು ಮೊದಲ ವೇಷಧಾರಿ ಎಂದು ಗೌರವಿಸುವ ಕಲೆ ಇದು. ಆದರೂ ಪ್ರೇಕ್ಷಕರ ಕಣ್ಣೆಲ್ಲ ವೇಷಗಳ ಮೇಲೆ. ಚೆಂಡೆ, ಮದ್ದಳೆ, ವೇಷ, ಮಾತಿನ ಅರ್ಥಗಾರಿಕೆ, ಒಂದೊಂದರಲ್ಲಿ ಒಬ್ಬೊಬ್ಬರು ಗಟ್ಟಿಗರು. ಅವರೆಲ್ಲರ ನಡುವೆ ಪ್ರಸಂಗವನ್ನು ಹೊತ್ತಿಗೆ ಸರಿಯಾಗಿ ಮುಗಿಸುವ ಹೊಣೆ ಭಾಗವತರದು. ಮಾತು ಉದ್ದವಾಗುತ್ತಿದೆ ಎನಿಸಿದರೆ ರಂಗದಲ್ಲಿ ಕಲಾವಿದರನ್ನು ಗದರಲಾಗದು. ತಕ್ಕ ಜಾಗ ನೋಡಿ ಮುಂದಿನ ಪದ್ಯ ಎತ್ತಿಕೊಳ್ಳಬೇಕು. ಹೇಳಬೇಕಾದ್ದೇನಿದ್ದರೂ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷ ಕಳಚಿದ ಮೇಲೆ. ಹೊಸ ಹುಡುಗ ಕುಣಿತದಲ್ಲಿ ತಡವರಿಸಿದರೆ ಹಾಡಿನ ನಡೆಯನ್ನು ತುಸು ಇಳಿಸಿ ಅವನನ್ನು ದಾಟಿಸಬೇಕು. ತಪ್ಪು ತಿದ್ದಲು ಸಮಯವುಂಟು, ಸ್ಥಳವುಂಟು. ಆಟ ಕೆಡದಂತೆ ನೋಡಿಕೊಳ್ಳುವುದು ಮೊದಲ ಕೆಲಸ.

ಇದರಲ್ಲಿ ನಮ್ಮ ಕಚೇರಿ, ಕಾರ್ಖಾನೆಗಳಿಗೆ ಹೊಂದುವುದು ಸಾಕಷ್ಟಿದೆ. ಭಾನುವಾರದ ಪಾಳಿ, ಹಬ್ಬದ ರಜೆ, ತ್ರಾಸದ ಕೆಲಸ, ಇವಕ್ಕೆಲ್ಲ ಸರದಿ ಬರೆದು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ. ಪಕ್ಷಪಾತದ ಗುಸುಗುಸು ಅರ್ಧ ಅಡಗುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಎಲ್ಲರೂ ಕೂತು ಮಾತಾಡಿ. ಅಲ್ಲಿ ಕಿರಿಯರು ಮೊದಲು ಮಾತಾಡಲಿ. ಹಿರಿಯರು ಬಾಯಿಬಿಟ್ಟ ಮೇಲೆ ಅವರು ಸುಮ್ಮನಾಗಿಬಿಡುತ್ತಾರೆ. ಹೊಗಳುವುದಾದರೆ ನಾಲ್ಕು ಜನರೆದುರು, ತಿದ್ದುವುದಾದರೆ ಮೊದಲು ಒಬ್ಬರನ್ನೇ ಕೂರಿಸಿಕೊಂಡು. ಮಾತು ನಿಂತ ಇಬ್ಬರ ದೂರನ್ನು ಬೇರೆ ಬೇರೆಯಾಗಿ ಕೇಳಿ, ಆಮೇಲೆ ಇಬ್ಬರೂ ಕೂಡಿಯೇ ಮುಗಿಸಬೇಕಾದ ಒಂದು ಸಣ್ಣ ಕೆಲಸ ಕೊಡಿ. ಒಬ್ಬರ ದೂರನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸುವ ಮುಂದಾಳನ್ನು ಮಾತ್ರ ಯಾರೂ ಮತ್ತೆ ನಂಬುವುದಿಲ್ಲ.

ಅಧಿಕಾರದಿಂದ ಹಾಜರಿ ಸಿಗುತ್ತದೆ, ಮನಸ್ಸಿಟ್ಟು ಮಾಡುವ ಕೆಲಸ ಸಿಗುವುದಿಲ್ಲ. ಸರದಿಯಲ್ಲಿ ನ್ಯಾಯ, ಲೆಕ್ಕದಲ್ಲಿ ಪಾರದರ್ಶಕತೆ, ಮಾತಿನಲ್ಲಿ ಮರ್ಯಾದೆ, ಕಷ್ಟದಲ್ಲಿ ತಾನು ಮೊದಲು: ಈ ನಾಲ್ಕನ್ನು ಹಿಡಿದ ಮುಂದಾಳಿಗೆ ನೋಟಿಸು ಬರೆಯುವ ಪ್ರಮೇಯ ಅಪರೂಪಕ್ಕಷ್ಟೇ ಬರುತ್ತದೆ. ನಾಳೆ ಕೆಲಸಕ್ಕೆ ಹೋದಾಗ ಇವುಗಳಲ್ಲಿ ಒಂದನ್ನಾದರೂ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ.