ಆ ಸ್ಟಾರ್ ಬಟನ್ ಏನ್ ಮಾಡ್ತಿತ್ತು?

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಬಸ್ಸಲ್ಲಿದ್ದೀರೋ, ಪಾತ್ರೆ ತೊಳೀತಾ ಇದ್ದೀರೋ, ಇಯರ್‌ಫೋನ್ ಹಾಕ್ಕೊಂಡು ಆಫೀಸಲ್ಲಿ ಕೆಲಸ ಮಾಡೋ ಥರ ನಟಿಸ್ತಿದ್ದೀರೋ, ಎಲ್ಲಿದ್ರೂ ಸ್ವಾಗತ. ಇವತ್ತು ಎಸ್‌ಐಪಿ ಇಲ್ಲ, ಸಾಲದ ಇಎಂಐ ಇಲ್ಲ. ಇವತ್ತು ನಮ್ಮ ಮಾವನ ಅಂಗಡಿಯ ಒಂದು ಹಳೇ ಕಂಪ್ಯೂಟರ್ ಕಥೆ.

ನಮ್ಮ ಸೋದರಮಾವಂದು ತಿಪಟೂರು ಕಡೆ ಒಂದು ಟೈಪಿಂಗ್ ಅಂಗಡಿ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ಇದೇ ಕೆಲಸ. ಜನ ತೆಂಗಿನ ತೋಟ ಮಾರ್ತಾರೆ, ಸೈಟ್ ತಗೋತಾರೆ, ಅಣ್ಣ ತಮ್ಮ ಭಾಗ ಆಗ್ತಾರೆ. ಎಲ್ಲದಕ್ಕೂ ಕಾಗದ ಬೇಕು. ಅಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದ ಒಂದು ಡಬ್ಬ, ಅದರಲ್ಲಿ ವರ್ಡ್ 2003. ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬ ಡಿಪ್ಲೊಮಾ ಹುಡುಗ ಹದಿನೈದು ವರ್ಷದ ಹಿಂದೆ ಆ ವರ್ಡ್ ಅನ್ನ ಮಾವನ ಕೆಲಸಕ್ಕೆ ತಕ್ಕ ಹಾಗೆ ಹೊಂದಿಸಿಕೊಟ್ಟಿದ್ದ. ಮೇಲ್ಗಡೆ ಐದು ಬಟನ್. 'ಕ್ರ' ಒತ್ತಿದ್ರೆ ಖಾಲಿ ಕ್ರಯಪತ್ರ, 'ದಾ' ಒತ್ತಿದ್ರೆ ದಾನಪತ್ರ, ಹೀಗೆ ನಾಲ್ಕು. ಐದನೇದಕ್ಕೆ ಹೆಸರೇ ಇಲ್ಲ, ಬರೀ ಒಂದು ಸ್ಟಾರ್. ಮಾವ ಹೇಳ್ತಿದ್ದದ್ದು ಇಷ್ಟೇ: "ಪ್ರಿಂಟ್‌ಗೆ ಮುಂಚೆ ಇದನ್ನ ಒತ್ತಬೇಕು ಪುಟ್ಟಿ."

ಕಳೆದ ಮಳೆಗಾಲದಲ್ಲಿ ಸಿಡಿಲು ಹೊಡೆದು ಮದರ್‌ಬೋರ್ಡ್ ಹೋಯ್ತು. ಪುಣ್ಯಕ್ಕೆ ಹಾರ್ಡ್‌ಡಿಸ್ಕ್ ಉಳೀತು. ಹೊಸ ಕಂಪ್ಯೂಟರ್ ಬಂತು, ಹೊಸ ವರ್ಡ್ ಬಂತು. ಆಮೇಲೆ ನಂಗೆ ಫೋನ್. "ಪುಟ್ಟಿ, ನೀನು ಬಿ.ಕಾಂ ಓದಿದೋಳು, ಕಂಪ್ಯೂಟರ್ ಎಲ್ಲಾ ಗೊತ್ತಲ್ಲ, ಒಂದ್ಸಲ ಬಂದು ನೋಡು." ಬಿ.ಕಾಂಗೂ ಇದಕ್ಕೂ ಏನು ಸಂಬಂಧ ಅಂತ ಕೇಳೋಕಾಗುತ್ತಾ? ಹೋದೆ.

ಫೈಲ್ ಓಪನ್ ಮಾಡಿದೆ. ಮೊದಲ ಆಘಾತ: ಕನ್ನಡವೇ ಇಲ್ಲ. ತಲೆ ಮೇಲೆ ಟೋಪಿ, ಚುಕ್ಕಿ, ಗೆರೆ ಇಟ್ಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ನಿಮ್ಮಲ್ಲಿ ಕೆಲವರು ಇದನ್ನ ನೋಡಿರ್ತೀರ. ಯಾಕೆ ಹೀಗೆ ಅಂದ್ರೆ, ಹಳೇ ಕನ್ನಡ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಇರ್ತಿದ್ದದ್ದು ಇಂಗ್ಲಿಷ್ ಸಂಕೇತಗಳೇ. ಫಾಂಟ್ ಅನ್ನೋದು ಅದರ ಮೇಲೆ ಹಾಕಿದ ಕನ್ನಡದ ಮುಖವಾಡ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಹೋದ ಕೂಡಲೇ ಮುಖವಾಡ ಕಳಚುತ್ತೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ 'ಕ'ಗೆ ಅದರದ್ದೇ ಸಂಕೇತ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದ್ರೆ ನಮ್ಮ ಊರಿನ ಅಂಗಡಿಗಳಲ್ಲಿ ಹಳೇ ಫಾಂಟೇ ಓಡ್ತಾ ಬಂತು, ಯಾಕಂದ್ರೆ ಪ್ರಿಂಟ್ ಸರಿಯಾಗಿ ಬರ್ತಿತ್ತು. ಪ್ರಿಂಟ್ ಬಂದ್ರೆ ಆಯ್ತಲ್ಲ!

ಫಾಂಟ್ ಹುಡುಕಿ ಹಾಕಿದೆ, ಕನ್ನಡ ಬಂತು. ಎರಡನೇ ಆಘಾತ: ಬಟನ್‌ಗಳಿಲ್ಲ. ವರ್ಡ್ 2007ರಿಂದ ಮೇಲಿನ ಮೆನು ಪೂರ್ತಿ ಬದಲಾಗಿದೆ, ರಿಬ್ಬನ್ ಅಂತಾರೆ. ಹಳೇ ಟೂಲ್‌ಬಾರ್‌ಗಳೆಲ್ಲ 'ಆಡ್-ಇನ್ಸ್' ಅನ್ನೋ ಒಂದು ಮೂಲೆಗೆ ಹೋಗಿ ಕೂರ್ತವೆ. ಇದನ್ನ ಕಂಡುಹಿಡಿಯೋಕೆ ಅರ್ಧ ದಿನ. ಸಿಕ್ಕಿದ ಖುಷಿಯಲ್ಲಿ 'ಕ್ರ' ಒತ್ತಿದೆ. ಎರರ್! 64 ಬಿಟ್ ವ್ಯವಸ್ಥೆಗೆ ಈ ಕೋಡ್ ಅಪ್‌ಡೇಟ್ ಆಗಬೇಕು ಅಂತ. ಇದಕ್ಕೆ ಪರಿಹಾರ ಹುಡುಕಿದ್ರೆ ಸಿಗುತ್ತೆ. ವಿಂಡೋಸ್ ಅನ್ನ ನೇರವಾಗಿ ಕರೆಯೋ ಸಾಲುಗಳಲ್ಲಿ 'ಪಿಟಿಆರ್‌ಸೇಫ್' ಅನ್ನೋ ಪದ ಸೇರಿಸಬೇಕು, ಕೆಲವು ಕಡೆ ಇನ್ನೂ ಸ್ವಲ್ಪ ತಿದ್ದಬೇಕು. ಸರಿ, ತಿದ್ದೋಣ ಅಂತ ಕೋಡ್ ತೆಗೆದ್ರೆ, ಪಾಸ್‌ವರ್ಡ್ ಕೇಳ್ತು.

ಮಾವನ್ನ ನೋಡಿದೆ. ಮಾವ ನನ್ನ ನೋಡಿದ್ರು. ಅಂಗಡಿಯ ಯಾವ ಡೈರಿಯಲ್ಲೂ ಇಲ್ಲ, ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲೂ ಇಲ್ಲ. ಆ ಹುಡುಗ ಬೆಂಗಳೂರಿಗೆ ಹೋಗಿ ಎಷ್ಟೋ ವರ್ಷ ಆಗಿದೆ, ನಂಬರ್ ಬದಲಾಗಿದೆ. ಹೊರಗಡೆ ಜನ ಕಾಯ್ತಿದ್ದಾರೆ. ಆಗ ನಾವು ಮಾಡಿದ್ದು ಎಲ್ಲರೂ ಮಾಡೋದನ್ನೇ. ಹಿಂದಿನ ಗಿರಾಕಿಯ ಕ್ರಯಪತ್ರ ತೆಗೆಯೋದು, ಹೆಸರು, ಸರ್ವೆ ನಂಬರ್, ಮೊತ್ತ ಬದಲಾಯಿಸೋದು, ಪ್ರಿಂಟ್ ಕೊಡೋದು.

ನಾಲ್ಕನೇ ದಿನ ಒಬ್ಬರು ಅಜ್ಜಿ ಬಂದ್ರು. ಮಗನ ಸಾಲಕ್ಕೆ ಅಂತ ತೋಟದಲ್ಲಿ ಒಂದು ತುಂಡು ಮಾರ್ತಿದ್ರು. ಮಾವನಿಗೆ ಒಂದು ಹಳೇ ಅಭ್ಯಾಸ ಇದೆ, ಓದೋಕೆ ಬಾರದವರಿಗೆ ಪತ್ರವನ್ನ ಪೂರ್ತಿ ಓದಿ ಹೇಳ್ತಾರೆ. ಓದ್ತಾ ಚೆಕ್ಕುಬಂದಿಗೆ ಬಂದ್ರು. "ಪೂರ್ವಕ್ಕೆ ರಸ್ತೆ..." ಅಜ್ಜಿ ಕೈ ಅಡ್ಡ ಹಿಡಿದ್ರು. "ಏನಪ್ಪಾ, ರಸ್ತೆ ಅಂದ್ಯಾ? ನಮ್ಮ ತೋಟದ ಪೂರ್ವಕ್ಕೆ ಉಳಿದ ತೋಟ ನಮ್ದೇ ಅಲ್ವಾ. ಅಲ್ಲಿ ಯಾವ ರಸ್ತೆ?"

ಆ ರಸ್ತೆ ಹಿಂದಿನ ಗಿರಾಕಿಯದ್ದು. ಬದಲಾಯಿಸೋದು ಮರೆತಿದ್ದು ನಾನು.

ಸ್ವಲ್ಪ ಯೋಚಿಸಿ. ಪೂರ್ವಕ್ಕೆ ರಸ್ತೆ ಅಂತ ನೋಂದಣಿ ಆಗಿದ್ರೆ, ಅಜ್ಜಿ ಉಳಿಸಿಕೊಂಡಿರೋ ತೋಟದ ಮೇಲೆ ನಾಳೆ ಯಾರಾದ್ರೂ ದಾರಿ ಇದೆ ಅಂತ ವಾದ ಮಾಡಬಹುದಿತ್ತು. ಸರಿ ಮಾಡಬೇಕು ಅಂದ್ರೆ ತಿದ್ದುಪಡಿ ಪತ್ರ, ಮತ್ತೆ ಮಾರಿದವರು, ಕೊಂಡವರು ಇಬ್ಬರೂ ಕಚೇರಿಗೆ ಬಂದು ಸಹಿ. ಕೊಂಡವರು ಬರಲ್ಲ ಅಂದ್ರೆ ಕೋರ್ಟ್. ನಂಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಎರಡು ವಾರ ಆದ್ಮೇಲೆ, ಯಾರದ್ದೋ ಮೂಲಕ ಆ ಹುಡುಗನ ನಂಬರ್ ಸಿಕ್ತು. ಈಗ ಹುಡುಗ ಅಲ್ಲ, ಇಬ್ಬರು ಮಕ್ಕಳ ಅಪ್ಪ. ಪಾಸ್‌ವರ್ಡ್ ಕೇಳಿದೆ. "ಅಯ್ಯೋ, ನಂಗೇ ಮರ್ತೋಗಿದೆ ಮೇಡಂ" ಅಂತ ನಕ್ಕರು. ಸರಿ, ಆ ಸ್ಟಾರ್ ಬಟನ್ ಏನ್ ಮಾಡ್ತಿತ್ತು ಅಂತ ಕೇಳಿದೆ. "ಅದಾ? ಯಾವ್ದಾದ್ರೂ ಜಾಗ ಖಾಲಿ ಇದ್ರೆ ಪ್ರಿಂಟ್ ತಡೆಯೋಕೆ. ನಾಲ್ಕು ದಿಕ್ಕಿನ ಚೆಕ್ಕುಬಂದಿ ತುಂಬದೆ ಪ್ರಿಂಟೇ ಬರಲ್ಲ. ಮೆಸೇಜ್‌ನಲ್ಲಿ ಕನ್ನಡದಲ್ಲೇ ಬರ್ದಿದ್ನಲ್ಲಾ?"

ಬರೆದಿದ್ರು, ನಿಜ. ಆದ್ರೆ ಹಳೇ ಫಾಂಟ್‌ನ ಕನ್ನಡ ಆ ಮೆಸೇಜ್ ಬಾಕ್ಸ್‌ನಲ್ಲಿ ಕಾಣಿಸಲ್ಲ, ಅದೇ ಟೋಪಿ ಚುಕ್ಕಿ ಬರುತ್ತೆ. ಹದಿನೈದು ವರ್ಷ ಮಾವ ಅದನ್ನ 'ಪ್ರಿಂಟರ್ ಮುನಿಸು' ಅಂದ್ಕೊಂಡಿದ್ರು! ಓಕೆ ಒತ್ತಿ, ಕರ್ಸರ್ ಎಲ್ಲಿ ನಿಂತಿದೆಯೋ ಅಲ್ಲಿ ತುಂಬ್ತಿದ್ರು. ಕೈಗೆ ಗೊತ್ತಿತ್ತು, ಬಾಯಲ್ಲಿ ಹೇಳೋಕೆ ಗೊತ್ತಿರಲಿಲ್ಲ. ಹಾಗಾಗಿ ಹೊಸ ಕಂಪ್ಯೂಟರ್ ಬಂದಾಗ ನಾವು ಕಳ್ಕೊಂಡಿದ್ದು ಐದು ಬಟನ್ ಅಂದ್ಕೊಂಡ್ವಿ. ಕಾವಲುಗಾರನನ್ನೇ ಕಳ್ಕೊಂಡಿದ್ವಿ.

ನಾನು ಕಾಮರ್ಸ್‌ನೋಳು, ನಂಗೆ ನೆನಪಾಗಿದ್ದು ಪಿಯುಸಿ ಅಕೌಂಟೆನ್ಸಿ. ಜರ್ನಲ್ ಎಂಟ್ರಿ ಬರೆದ ಮೇಲೆ ಕೆಳಗೆ ಒಂದು ಸಾಲು ನರೇಷನ್ ಬರೀಬೇಕು, ಈ ದುಡ್ಡು ಯಾಕೆ ಹೋಯ್ತು ಅಂತ. ಬೇಜಾರಿನ ಕೆಲಸ ಅಂತ ಬಿಟ್ಟು ಮಾರ್ಕ್ಸ್ ಕಳ್ಕೊಂಡವಳು ನಾನು. ಬರೆದ ದಿನ ಅದು ಯಾರಿಗೂ ಬೇಕಾಗಲ್ಲ. ಬೇಕಾಗೋದು ಬರೆದವರು ಬಿಟ್ಟು ಹೋದ ಮೇಲೆ.

ಹಾಗಾದ್ರೆ ಏನ್ ಮಾಡಿದೆ? ಮ್ಯಾಕ್ರೋ ಆಸೆ ಬಿಟ್ಟೆ. ಎರಡು ಭಾನುವಾರ ಕೂತು, ಪತ್ರಗಳನ್ನ ಯೂನಿಕೋಡ್‌ಗೆ ತಂದೆ. ಪರಿವರ್ತನೆ ಮಾಡಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರೋ ಪದಗಳನ್ನ ಕಣ್ಣಿಟ್ಟು ನೋಡಲೇಬೇಕು, ಹೆಸರುಗಳಲ್ಲಿ ಎಡವಟ್ಟಾಗುತ್ತೆ. ಆಮೇಲೆ ವರ್ಡ್‌ನಲ್ಲೇ ಇರೋ 'ಕಂಟೆಂಟ್ ಕಂಟ್ರೋಲ್' ಬಳಸಿ ಖಾಲಿ ಜಾಗ ಮಾಡಿದೆ, ಅದಕ್ಕೆ ಕೋಡ್ ಬೇಕಿಲ್ಲ. ಒಂದೊಂದರಲ್ಲೂ ಕನ್ನಡದಲ್ಲೇ ಬರೆದಿದ್ದೀನಿ: 'ಪೂರ್ವಕ್ಕೆ ಏನಿದೆ? ಮಾರುವವರನ್ನು ಕೇಳಿ ಬರೆಯಿರಿ.' ತುಂಬದಿದ್ರೆ ಆ ಪ್ರಶ್ನೆಯೇ ಪ್ರಿಂಟ್‌ನಲ್ಲಿ ಬಂದು ಮಾನ ಕಳೆಯುತ್ತೆ. ಟೆಂಪ್ಲೇಟ್ ಆಗಿ ಸೇವ್ ಮಾಡಿರೋದ್ರಿಂದ ಪ್ರತಿ ಸಲ ಹೊಸ ಖಾಲಿ ಪತ್ರ ತೆರೆಯುತ್ತೆ, ಹಿಂದಿನವರ ರಸ್ತೆ ಬರಲ್ಲ.

ಕೊನೆಗೆ ಒಂದು ಹಾಳೆ. ಯಾವ ಫೈಲ್ ಎಲ್ಲಿದೆ, ಯಾವ ಫಾಂಟ್, ಯಾವುದು ಏನ್ ಮಾಡುತ್ತೆ, ಯಾಕೆ ಮಾಡುತ್ತೆ. ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಅಂಟಿಸಿದ್ದೀವಿ. ಮಾವ ಅದರ ಕೆಳಗೆ ಪೆನ್ನಲ್ಲಿ ತಾವೇ ಒಂದು ಸಾಲು ಸೇರಿಸಿದ್ದಾರೆ: 'ಓದಿ ಹೇಳದೆ ಸಹಿ ಹಾಕಿಸಬಾರದು.'

ನಿಮ್ಮ ಆಫೀಸಲ್ಲೂ ಇಂಥ ಒಂದು ಎಕ್ಸೆಲ್ ಶೀಟ್, ಒಂದು ಟೆಂಪ್ಲೇಟ್ ಇದ್ದೇ ಇರುತ್ತೆ. ಯಾರೋ ಮಾಡಿದ್ದು, ಎಲ್ಲರೂ ಒತ್ತೋದು, ಯಾರಿಗೂ ಗೊತ್ತಿಲ್ಲದ್ದು. ಅಪ್‌ಡೇಟ್ ಬರೋ ಮುಂಚೆ, ಹಳೇದು ಇನ್ನೂ ಓಡ್ತಾ ಇರೋವಾಗಲೇ, ಅದನ್ನ ಬಳಸೋರ ಪಕ್ಕ ಒಂದು ಗಂಟೆ ಕೂತ್ಕೊಳ್ಳಿ. ಅವರ ಕೈ ಏನ್ ಮಾಡುತ್ತೆ ನೋಡಿ, ಬರ್ಕೊಳ್ಳಿ. ಅದನ್ನ ಮಾಡಿದೋರು ನೀವೇ ಆಗಿದ್ರೆ, ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟು ಕೆಲಸ ಬಿಡಿ, ದಮ್ಮಯ್ಯ.

ಮುಂದಿನ ವಾರ ಮತ್ತೆ ದುಡ್ಡಿನ ವಿಷಯಕ್ಕೆ ಬರೋಣ. ಅಲ್ಲಿವರೆಗೂ ನಮಸ್ಕಾರ.